ಇಂಜಿನ್ ಏಳಬಾರದು

ಸ್ವಲ್ಪ ತಾಳಿ, ಮೈಲೇಜ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಸೋದರಮಾವನ ಬಲಗಾಲಿನ ಹೆಬ್ಬೆರಳು ನೋಡಿ. ಚಪ್ಪಲಿ ಹಿಂದಕ್ಕೆಸೆದು ಬರಿಗಾಲಲ್ಲೇ ಕಾರು ಓಡಿಸುವವರು ಅವರು. ಉಗುರು ಸೀಳಿದ ಆ ದಪ್ಪ ಹೆಬ್ಬೆರಳು ಆಕ್ಸಿಲರೇಟರನ್ನು ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟುತ್ತಿತ್ತು. ಮನುಷ್ಯರ ಜೊತೆ ಅವರು ಅಷ್ಟು ಮೆತ್ತಗೆ ನಡೆದುಕೊಂಡದ್ದನ್ನು ನಾನು ಕಂಡಿಲ್ಲ.

ಚೆನ್ನೈಯ ಪ್ಯಾರೀಸ್ ಕಾರ್ನರ್ ಹತ್ತಿರ ಅವರ ಹೋಟೆಲು, ಪಲ್ಲಾವರಂನಲ್ಲಿ ಮನೆ. ಪ್ಲಗ್-ಇನ್ ಹೈಬ್ರಿಡ್ ತಗೊಳ್ಳಿ ಎಂದು ಅವರ ತಲೆ ತಿಂದವನು ನಾನೇ. ವಿಡಿಯೋ ನೋಡಿ ಕಲಿತದ್ದನ್ನೆಲ್ಲ ಹೇಳಿದ್ದೆ: ದಿನಾ ಚಾರ್ಜ್ ಮಾಡಿದರೆ ಊರೊಳಗಿನ ಓಡಾಟ ಬ್ಯಾಟರಿಯಲ್ಲೇ ಮುಗಿಯುತ್ತದೆ, ಬ್ರೇಕ್ ಒತ್ತಿದಾಗಲೂ ಒಂದಿಷ್ಟು ಕರೆಂಟ್ ವಾಪಸು ಬರುತ್ತದೆ, ಚಾರ್ಜ್ ಮುಗಿದರೆ ಅಥವಾ ಜೋರಾಗಿ ತುಳಿದರೆ ಮಾತ್ರ ಪೆಟ್ರೋಲ್ ಇಂಜಿನ್ ಏಳುತ್ತದೆ. ಮಾವ ಹಿಡಿದುಕೊಂಡದ್ದು ಕೊನೆಯ ಮಾತನ್ನು. ಇಂಜಿನ್ ಏಳಲೇಬಾರದು.

"ಪೆಟ್ರೋಲ್ ಬಂಕಿನವನಿಗೆ ನನ್ನ ಮುಖವೇ ಮರ್ತು ಹೋಗಿದೆ" ಎಂದು ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಹೋಟೆಲಿನ ಗ್ರೈಂಡರ್ ನಿಲ್ಲಿಸಿ ಅದೇ ಲೈನಿನಿಂದ ಕಾರಿಗೆ ಚಾರ್ಜ್ ಹಾಕಿಸುತ್ತಿದ್ದರು.

"ರುಬ್ಬದೆ ಇಡ್ಲಿ ಎಲ್ಲಿಂದ ತರ್ಲಿ ಮುದಲಾಳಿ?" ಎಂದು ಅಡುಗೆಯವರು ತಮ್ಮ ಧಣಿಯನ್ನು ಕೇಳಿದರೆ, "ಉಪ್ಪಿಟ್ಟು ತಿನ್ಲಿ ಎಲ್ರೂ!"

ನಾನು ಓಡಿಸಿದರೆ ಪಕ್ಕದಲ್ಲಿ ಕೂತು ಬೈಗುಳ. "ಮೆಲ್ಲ ಮಾರಾಯಾ! ಅದೆಂತ ಕಾಲಾ, ಒನಕೆಯಾ?" ಎಸಿಯೂ ಬ್ಯಾಟರಿ ತಿನ್ನುತ್ತದೆ ಎಂದು ಗೊತ್ತಾದ ದಿನವೇ ಎಸಿ ಬಂದ್. ಚೆನ್ನೈ ಬಿಸಿಲಲ್ಲಿ, ಲಾರಿ ಹೊಗೆಯಲ್ಲಿ, ಗಾಜು ಇಳಿಸಿಕೊಂಡು ಸವಾರಿ. ಹಿಂದಿನ ಸೀಟಿನಲ್ಲಿ ಅತ್ತೆ, ಮಾವನ ಹೆಂಡತಿ, ಮೂಗಿಗೆ ಸೆರಗು ಒತ್ತಿ ಕೂತಿರುತ್ತಿದ್ದರು. ಅವರಿಗೆ ದಮ್ಮಿನ ಕಾಯಿಲೆ. ಅದು ಮಾವನಿಗೂ ಗೊತ್ತಿತ್ತು.

ಒಮ್ಮೆ ಪೋರೂರಿಗೆ ಮದುವೆಗೆ ಹೊರಟಿದ್ದೆವು. ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಸಿಗ್ನಲ್ಲಿನ ಹೊಗೆಗೆ ಅತ್ತೆಯ ಉಸಿರು ಕಟ್ಟಿತು. ಇನ್‌ಹೇಲರ್ ಎಳೆದರೂ ದಮ್ಮು ಇಳಿಯಲಿಲ್ಲ.

"ಎಸಿ... ಹಾಕು ಮಗಾ."

ಗಾಜು ಏರಿಸಿ, ಎಸಿ ಹಾಕಿ, ಆಸ್ಪತ್ರೆಯ ಕಡೆಗೆ ತುಳಿದೆ. ಇಂಜಿನ್ ಗುರ್ರೆಂದು ಎದ್ದಿತು.

"ಎಬ್ಬಿಸಿದ್ಯಲ್ಲ!" ಮಾವ ಕಿರುಚಿದರು. "ಪೋರೂರು ತನಕ ಚಾರ್ಜ್ ಇತ್ತು ಮಾರಾಯಾ!" ಅವರ ಕೈ ಎಸಿ ಆರಿಸಲು ಹೋಯಿತು. ನಾನು ಆ ಕೈಗೆ ಹೊಡೆದೆ.

ಅತ್ತೆ ಉಳಿದರು. ಮಾವ ನನ್ನ ಜೊತೆ ಮಾತು ಬಿಟ್ಟರು. ಎದುರಿಗೆ ಸಿಕ್ಕಿದವರಿಗೆಲ್ಲ ನನ್ನ ಪರಿಚಯ ಒಂದೇ: "ನನ್ನ ಗಾಡಿ ಹಾಳು ಮಾಡಿದವ."

ಹೋದ ವರ್ಷ ಅವರು ತೀರಿಕೊಂಡರು. ನನಗೆ ಅಳು ಬರಲಿಲ್ಲ. ಸಿಟ್ಟು ಬರುವುದು ಈಗ, ಅವರ ಅದೇ ಕಾರು ಓಡಿಸುವಾಗ, ನನ್ನ ಕಾಲಿನ ಮೇಲೆ. ದೂರದಲ್ಲಿ ಕೆಂಪು ದೀಪ ಕಂಡರೆ ಸಾಕು, ಹೆಬ್ಬೆರಳು ತಾನಾಗಿ ಹಗುರಾಗುತ್ತದೆ. ಮೈಲೇಜ್ ಚೆನ್ನಾಗಿ ಬರುತ್ತದೆ. ಕಲಿಸಿದ್ದು ಅವರೇ, ಇಲ್ಲವೆನ್ನಲಾರೆ.

ಅತ್ತೆ ಈಗ ಮುಂದೆ ಕೂರುತ್ತಾರೆ. ಬೆಲ್ಟ್ ಹಾಕುವ ಮೊದಲೇ ಎಸಿಯನ್ನು ಕೊನೆಯವರೆಗೆ ತಿರುಗಿಸುತ್ತಾರೆ. ದಾರಿಯಲ್ಲೇ ಚಾರ್ಜ್ ಮುಗಿದು ಇಂಜಿನ್ ಗುರ್ರೆಂದರೆ, ಕಣ್ಣು ಮುಚ್ಚಿಕೊಂಡೇ "ಏಳ್ಲಿ ಬಿಡು" ಎನ್ನುತ್ತಾರೆ.

ನಿಮ್ಮ ಹೈಬ್ರಿಡ್ ನಿಮ್ಮೂರಿನ ಟ್ರಾಫಿಕ್ಕಿನಲ್ಲಿ ಎಷ್ಟು ಕೊಡುತ್ತಿದೆ, ಬರೆದು ತಿಳಿಸಿ. ಎಸಿ ಹಾಕಿಕೊಂಡು ಓಡಿಸಿದ ಲೆಕ್ಕ ಮಾತ್ರ. ಆರಿಸಿ ಉಳಿಸಿದ ಲೆಕ್ಕ ನನಗೆ ಬೇಡ.