ಮಹಬೂಬನ ಬಾಸ್ ಗಿಟಾರ್

ಮಹಬೂಬನ ಬಾಸ್ ಗಿಟಾರಿನ ದನಿಯನ್ನು ಅಡಗಿಸಿದವಳು ನಾನು. ಅವನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ನಾನೇ, ಬೇಕೆಂದೇ, ಸೌಂಡ್ ಮಿಕ್ಸರಿನ ಒಂದು ಗುಂಡಿಯನ್ನು ಕೆಳಕ್ಕೆ ಸರಿಸಿದೆ. ಹನ್ನೊಂದು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ರಾಣೇಬೆನ್ನೂರಿನಲ್ಲಿ ನಮ್ಮಪ್ಪನದು ಮೈಕ್‌ಸೆಟ್ ಅಂಗಡಿ. ಕಾಲೇಜಿನಲ್ಲಿದ್ದಾಗ ನನ್ನ ಓರಗೆಯ ಮೂವರು ಹುಡುಗರು ಸೇರಿ ರಾಕ್ ತಂಡ ಕಟ್ಟಿದ್ದರು. ಹಾಡುವವನು ವಿನಾಯಕ, ಡ್ರಮ್ಮಿಗೆ ಪ್ರಕಾಶ, ಬಾಸ್ ಗಿಟಾರಿಗೆ ಮಹಬೂಬ. ಅಭ್ಯಾಸ ನಮ್ಮ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಸೌಂಡ್ ನೋಡಿಕೊಳ್ಳುವವಳು ನಾನು.

ಆ ಗಿಟಾರು, ಯಾರೋ ಬಳಸಿ ಬಿಟ್ಟದ್ದು, ಹುಬ್ಬಳ್ಳಿಯಿಂದ ಬಂದಿತ್ತು. ಮಾಸಿದ ಹಸಿರು ಬಣ್ಣ, ಉದ್ದನೆಯ ಕತ್ತು, ನಾಲ್ಕೇ ದಪ್ಪ ತಂತಿ. ಬಲಗೈ ಊರುವಲ್ಲಿ ಬಣ್ಣ ಸವೆದು ಕಟ್ಟಿಗೆ ಕಾಣುತ್ತಿತ್ತು. ಅದರ ದನಿ ಮೊದಲು ಕಿವಿಗೆ ಬರುತ್ತಿರಲಿಲ್ಲ. ನಾನು ಕೂತ ಕಬ್ಬಿಣದ ಕುರ್ಚಿಯಲ್ಲಿ ಸಣ್ಣಗೆ ನಡುಗಿ, ಬೆನ್ನು ಹತ್ತಿ, ಎದೆಗೂಡಿನೊಳಗೆ ಬಂದು ನಿಲ್ಲುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ವಿನಾಯಕನ ಹಾಡಿಗೆ. ನಾನು ಕಾಯುತ್ತಿದ್ದದ್ದು ಆ ನಡುಕಕ್ಕೆ.

ನನಗೂ ಕಲಿಸು ಎಂದೆ. ಆರು ತಿಂಗಳು ಕಲಿಸಿದ, ಒಂದು ಸಲವೂ ಬೇಸರಪಡದೆ. ತಂತಿ ಒತ್ತಿ ಒತ್ತಿ ಬೆರಳ ತುದಿಗಳು ಗಡುಸಾದವು. ಆ ದನಿ ಮಾತ್ರ ಬರಲಿಲ್ಲ. ನನ್ನ ಕೈಯಲ್ಲಿ ಬರೀ ಗುಂಯ್ ಎನ್ನುತ್ತಿದ್ದ ಅದೇ ಗಿಟಾರನ್ನು ಅವನು ಮರಳಿ ತೆಗೆದುಕೊಂಡು ಮುಟ್ಟಿದರೆ ಸಾಕು, ಆ ನಡುಕ ಬಂದುಬಿಡುತ್ತಿತ್ತು. ಮೆಚ್ಚುಗೆ ಯಾವಾಗ ಹೊಟ್ಟೆಕಿಚ್ಚಾಯಿತೋ ನನಗೇ ತಿಳಿಯಲಿಲ್ಲ. ಇಲ್ಲ — ತಿಳಿದಿತ್ತು. ತಿಳಿದೂ ಸಾಕಿಕೊಂಡೆ.

ಹಾವೇರಿಯಲ್ಲಿ ಕಾಲೇಜು ತಂಡಗಳ ಸ್ಪರ್ಧೆ. ವೇದಿಕೆಯ ಮೇಲೆ ಮಹಬೂಬನ ಪಕ್ಕ ಅವನದೇ ಸಣ್ಣ ಸ್ಪೀಕರ್ ಇತ್ತು. ತಾನು ನುಡಿಸಿದ್ದು ಅವನಿಗೆ ಕೇಳುತ್ತಿತ್ತು. ಜನರಿಗೆ ಕೇಳಬೇಕಾದದ್ದು ಮಾತ್ರ ನನ್ನ ಮಿಕ್ಸರ್ ದಾಟಿಯೇ ಹೋಗಬೇಕು. ಎರಡನೆಯ ಹಾಡಿಗೆ ಅವನು ಕಣ್ಣು ಮುಚ್ಚಿದ. ನಾನು ಗುಂಡಿ ಇಳಿಸಿದೆ. ಪೂರ್ತಿ. ಮತ್ತೆ ಏರಿಸಲು ಎರಡು ಹಾಡುಗಳಷ್ಟು ಹೊತ್ತಿತ್ತು. ಏರಿಸಲಿಲ್ಲ.

ಬಾಸ್ ಇತ್ತೋ ಇಲ್ಲವೋ ಎಂಬುದೇ ಗೊತ್ತಾಗಲಿಲ್ಲ ಎಂದರು ತೀರ್ಪುಗಾರರು. ಮಹಬೂಬ ಕೆಳಗಿಳಿದು ನೇರ ನನ್ನ ಹತ್ತಿರ ಬಂದ.

"ಹೊರಗ ಹೆಂಗ ಕೇಳ್ತಿತ್ತು? ಖರೇ ಹೇಳು."

"ನಿನ್ನ ಕೈಯಾಗ ಬಲಾನ ಇರಲಿಲ್ಲ" ಎಂದೆ.

ನಂಬಿದ. ಹೊರಗೆ, ಜನರ ನಡುವೆ ಮಿಕ್ಸರ್ ಮುಂದೆ ಕೂತು ಕೇಳಿದವಳು ನಾನಲ್ಲವೇ? ಉಳಿದಿಬ್ಬರು ಸೋಲನ್ನು ಅವನ ತಲೆಗೆ ಕಟ್ಟಿ ಬಾಯಿಗೆ ಬಂದಂತೆ ಬೈದರು. ನಾನು ವಯರು ಸುತ್ತುತ್ತ ಕೇಳಿಸಿಕೊಂಡೆ. ಆಮೇಲೆ ಅವನು ಗೋದಾಮಿಗೆ ಬರಲಿಲ್ಲ. ಬ್ಯಾಡಗಿಗೆ ಹೋಗಿ ಮಾವನ ಮೆಣಸಿನಕಾಯಿ ವ್ಯಾಪಾರ ಸೇರಿಕೊಂಡ.

ಈಗ ಅಂಗಡಿ ನನ್ನದು. ಹೋದ ತಿಂಗಳು ಬ್ಯಾಡಗಿಯಲ್ಲಿ ಒಂದು ಮದುವೆಗೆ ಸೌಂಡ್ ಹಾಕಿದ್ದೆ. ಮಧ್ಯಾಹ್ನ ಮಹಬೂಬ ಮಗಳ ಕೈ ಹಿಡಿದು ಬಂದ. ಅವಳಿಗೆ ಏಳು ವರ್ಷವಿರಬಹುದು. ಆರ್ಕೆಸ್ಟ್ರಾದವರ ಬಾಸ್ ಗಿಟಾರ್ ನೋಡಿ ನನ್ನನ್ನೇ ಕೇಳಿದಳು: "ಆಂಟಿ, ಪಪ್ಪಾ ಇದನ್ನ ಬಾರಸ್ತಿದ್ರೇನ್ರಿ?"

ಉತ್ತರ ಅವನೇ ಕೊಟ್ಟ, ನಗುತ್ತ. "ಬಾರಸ್ತಿದ್ದೆ ಬೇಟಾ. ಕೈಯಾಗ ಬಲ ಇರಲಿಲ್ಲ, ಬಿಟ್ಟೆ."

ನನ್ನ ಸುಳ್ಳನ್ನು ಅವನು ತನ್ನ ಮಾತು ಮಾಡಿಕೊಂಡಿದ್ದ. ಇನ್ನು ತಡೆಯಲಾಗಲಿಲ್ಲ. ಮಗಳನ್ನು ಊಟದ ಸಾಲಿಗೆ ಕಳಿಸು ಎಂದೆ. ಅವಳು ಹೋದ ಮೇಲೆ ಹೇಳಿದೆ: "ಮಹಬೂಬ, ಅವತ್ತು ಹಾವೇರಿಯಾಗ ನಿನ್ನ ಸೌಂಡ್ ನಾನ ತಗದಿದ್ದೆ. ಬೇಕಂತ."

"ಯಾಕ?"

"ನನ್ನ ಕೈಲೆ ಬರಲಿಲ್ಲಂತ."

ಅವನು ತನ್ನ ಬಲಗೈಯನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡ. ಆಮೇಲೆ ಮೆಲ್ಲಗೆ, "ಹಂಗಾರ ನಾ ಚಲೋನ ಬಾರಸ್ತಿದ್ದೆ?"

"ಅಷ್ಟು ಚಲೋ ಬಾರಸೂದನ್ನ ಇವತ್ತಿಗೂ ಕೇಳಿಲ್ಲ ನಾ."

ಅವನ ಕಣ್ಣು ತುಂಬಿದವು. "ನಿನ್ನ ಮ್ಯಾಲೆ ಸಿಟ್ಟು ಐತಿ ನೋಡವಾ. ಅದು ಲಗೂ ಹೋಗೂದಿಲ್ಲ. ಆದ್ರ ಜೀವಕ್ಕ ಹಗೂರಾತು. ಆ ಇಬ್ಬರಿಗೂ ಹೇಳು."

ಅವನೆದುರಿಗೇ ಇಬ್ಬರಿಗೂ ಫೋನ್ ಹಚ್ಚಿದೆ. ಪ್ರಕಾಶ ಪೂರ್ತಿ ಕೇಳುವ ಮೊದಲೇ ಇಟ್ಟುಬಿಟ್ಟ. ವಿನಾಯಕ ಪೂರ್ತಿ ಕೇಳಿಸಿಕೊಂಡ. ಮಹಬೂಬನಿಗೆ ಫೋನ್ ಕೊಡು ಎಂದ.

ಅಷ್ಟರಲ್ಲಿ ಮಗಳು ಬಂದಳು. "ಇಕಿಗೂ ಹೇಳು" ಎಂದ ಮಹಬೂಬ.

ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದನ್ನೂ ಬಿಡದೆ ಹೇಳಿದೆ. ಹೇಳಿ ಮುಗಿದಾಗ, ಎಷ್ಟೋ ವರ್ಷಗಳ ಮೇಲೆ ಪೂರ್ತಿ ಉಸಿರು ತೆಗೆದುಕೊಂಡೆ. ಅವನು ಕ್ಷಮಿಸಿದ್ದಾನೆಂದಲ್ಲ — ಕ್ಷಮಿಸಿಲ್ಲ, ಕ್ಷಮಿಸಬೇಕೆಂದು ನಾನು ಕೇಳಲೂ ಇಲ್ಲ. ಮುಚ್ಚಿಡುವುದು ಇನ್ನೇನೂ ಉಳಿದಿಲ್ಲ, ಅಷ್ಟೇ.

ಹುಡುಗಿ ನನ್ನತ್ತ ನೋಡಲಿಲ್ಲ. ಅಪ್ಪನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.