ಕಲ್ಲಕ್ಕ ಒಪ್ಪದ ಓದು

ಬಾಗಿಲ ಬಳಿಯ ಹಾಜರಿ ಯಂತ್ರ ಆ ಬೆಳಿಗ್ಗೆಯೂ ಕಲ್ಲಕ್ಕನನ್ನು ಗುರುತಿಸಲಿಲ್ಲ. ಹೆಬ್ಬೆರಳು ಇಟ್ಟಳು, ಕೆಂಪು ದೀಪ ಹತ್ತಿತು. ತೋರುಬೆರಳು ಇಟ್ಟಳು, ಮತ್ತೆ ಕೆಂಪು. ಬೆರಳನ್ನು ಕೋಟಿನ ಅಂಚಿಗೆ ಉಜ್ಜಿ ಇನ್ನೊಮ್ಮೆ ಒತ್ತಿ ಹಿಡಿದಳು. ಯಂತ್ರ ಜಗ್ಗಲಿಲ್ಲ.

"ನನಗೆ ಬೆರಳೇ ಇಲ್ಲ ಅಂತಿದೆ ನಿಮ್ಮ ಮಿಷನ್ನು," ಎಂದು ಕಾವಲುಗಾರನಿಗೆ ಹೇಳಿದಳು.

"ಬೆರಳಿದೆ ಅಕ್ಕ, ಗೆರೆ ಇಲ್ಲ. ಎಲ್ಲಾ ಸವೆಸಿಬಿಟ್ಟಿದ್ದೀರಿ. ನಾಳೆ ಕಳ್ಳತನ ಮಾಡಿದರೂ ಸಿಕ್ಕಿಬೀಳಲ್ಲ ಬಿಡಿ."

"ಏನು ಕದಿಯಲಿ ಇಲ್ಲಿ? ಮೀನಿನ ತಲೆಯಾ?"

ಕಾವಲುಗಾರ ನಗುತ್ತ ತನ್ನ ಕೀಲಿಯಿಂದ ಬಾಗಿಲು ತೆಗೆದ. ಮೀನು ಸಂಶೋಧನಾ ಕೇಂದ್ರದಲ್ಲಿ ಆಕೆಯ ದಿನ ಶುರುವಾಗುವುದು ಹೀಗೆ. ಬೆರಳಿನ ಬದಲು ಕಾರ್ಡು ಕೊಡುತ್ತೇವೆ ಎಂದು ಕಚೇರಿಯವರು ಹೇಳಿದ್ದರು. ಆಕೆ ಬೇಡವೆಂದಳು. ಕೇಂದ್ರದ ಕೆಲಸದಲ್ಲೇ ಸವೆದ ಬೆರಳನ್ನು ಕೇಂದ್ರದ ಯಂತ್ರ ಗುರುತಿಸದಿದ್ದರೆ ತಪ್ಪು ಯಂತ್ರದ್ದು ಎಂಬುದು ಆಕೆಯ ವಾದ.

ಪ್ರತಿ ಮೀನಿನ ತಲೆಯೊಳಗೆ, ಮೆದುಳಿನ ಕೆಳಗೆ, ಬೇಳೆಯಷ್ಟು ದೊಡ್ಡ ಒಂದು ಜೊತೆ ಕಲ್ಲುಗಳಿರುತ್ತವೆ. ಮೀನು ಕೇಳುವುದು, ನೀರಿನಲ್ಲಿ ವಾಲದೆ ಇರುವುದು ಅವುಗಳಿಂದ. ಮೀನು ಬೆಳೆದಂತೆ ಕಲ್ಲೂ ಬೆಳೆಯುತ್ತದೆ. ನೀರು ಬೆಚ್ಚಗಿದ್ದು ಹೊಟ್ಟೆ ತುಂಬಿದ ತಿಂಗಳುಗಳಲ್ಲಿ ಅಗಲವಾದ ಪದರ, ಚಳಿಯಲ್ಲಿ ಕಿರಿದಾದ ಪದರ; ಎರಡೂ ಸೇರಿ ಒಂದು ಬಳೆ, ಒಂದು ವರ್ಷ. ಕಲ್ಲನ್ನು ಅಂಟಿನಲ್ಲಿ ಕೂರಿಸಿ, ಗರಗಸದಲ್ಲಿ ತೆಳುವಾಗಿ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಒದ್ದೆ ಮರಳುಕಾಗದದ ಮೇಲೆ ಬೆರಳ ತುದಿಯಲ್ಲಿ ಉಜ್ಜುತ್ತಾರೆ. ಸ್ವಲ್ಪ ಕಡಿಮೆ ಉಜ್ಜಿದರೆ ಬಳೆ ಕಾಣುವುದಿಲ್ಲ, ಸ್ವಲ್ಪ ಹೆಚ್ಚಾದರೆ ನಡುಭಾಗವೇ ಮಾಯ. ಜೀವಶಾಸ್ತ್ರದ ಪದವಿ ಮುಗಿಸಿ ಬಂದಾಗಿನಿಂದ ಆಕೆ ಮಾಡುತ್ತಿರುವುದು ಈ ಉಜ್ಜುವ ಮತ್ತು ಎಣಿಸುವ ಕೆಲಸ. ಇದನ್ನು ಅಲ್ಲಿಯವರು ಓದು ಎನ್ನುತ್ತಾರೆ.

ಕಲ್ಲಕ್ಕ ಎಂದು ಆಕೆಗೆ ಹೆಸರಿಟ್ಟವನು ಆಕೆಯ ತಮ್ಮ. "ಊರವರೆಲ್ಲಾ ಮೀನು ತಿಂದು ಕಲ್ಲು ಬಿಸಾಡ್ತಾರೆ, ನಮ್ಮಕ್ಕ ಮೀನು ಬಿಸಾಡಿ ಕಲ್ಲು ಇಟ್ಕೋತಾಳೆ," ಎಂದು ಅವನು ದಡದಲ್ಲಿ ನಿಂತು ಹೇಳಿದ ಮಾತು ದೋಣಿಯಿಂದ ದೋಣಿಗೆ ಹೋಗಿ ಕೇಂದ್ರದ ಮೆಟ್ಟಿಲನ್ನೂ ಹತ್ತಿತು. ಆಕೆ ಬೇಸರಪಟ್ಟುಕೊಳ್ಳಲಿಲ್ಲ. ಕಲ್ಲಿಗೆ ಇರುವ ಗುಣ ತನಗೂ ಇದೆ ಎಂದುಕೊಂಡಳು.

ಅವನು ಊರಿನ ಸರೋವರದ ಮೀನುಗಾರ. ಅಪ್ಪನೂ ಅದೇ ಆಗಿದ್ದ. ಆದರೆ ಬೆಳ್ಳಿಬೆನ್ನು ಎಂದು ಊರವರು ಕರೆಯುವ ಮೀನು ಕಡಿಮೆಯಾಗುತ್ತ ಬಂದು, ಕೆಲವು ವರ್ಷಗಳ ಹಿಂದೆ ಮೀನುಗಾರಿಕೆಯ ಸಮಿತಿ ಸರೋವರಕ್ಕೆ ಬಲೆ ಬೀಸುವುದನ್ನೇ ನಿಲ್ಲಿಸಿತು. ಮರಿಗಳು ಹುಟ್ಟಿ ಬೆಳೆಯುತ್ತಿವೆ ಎಂದು ಖಚಿತವಾದ ಮೇಲೆ ಮತ್ತೆ ತೆರೆಯುವುದೆಂದು ತೀರ್ಮಾನವಾಯಿತು. ಅಂದಿನಿಂದ ತಮ್ಮ ಐಸ್ ಕಾರ್ಖಾನೆಯಲ್ಲಿ ಗಡ್ಡೆ ಎತ್ತುತ್ತಾನೆ. ಮೀನು ಮುಟ್ಟದ ಕೈಯಲ್ಲಿ ಬರೀ ಐಸು ಹಿಡಿಯುವುದು ಅವನಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನಂತಾಗಿತ್ತು.

ಈ ವರ್ಷ ಕೇಂದ್ರದ ಸಮೀಕ್ಷೆಯ ದೋಣಿ ಹಿಂತಿರುಗಿದಾಗ ಬುಟ್ಟಿಯಲ್ಲಿ ದೊಡ್ಡ ಮೀನುಗಳ ಜೊತೆ ಗೇಣುದ್ದದವೂ ಇದ್ದವು. ಬಹಳ ವರ್ಷಗಳಿಂದ ಯಾರೂ ಕಾಣದ ಸಣ್ಣ ಮೀನು. ಸುದ್ದಿ ಕ್ಷಣದಲ್ಲಿ ಊರು ಸುತ್ತಿತು. ಮನೆಯಲ್ಲಿ ಅಮ್ಮ ಮಗನ ಬಲೆಯನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ಹರಡಿದಳು. ತಮ್ಮ ಐಸ್ ಕಾರ್ಖಾನೆಯ ಯಜಮಾನನಿಗೆ, "ನಿಮ್ಮ ಐಸು ನೀವೇ ಹೊತ್ಕೊಳ್ಳಿ, ಬರೋ ತಿಂಗಳಿಂದ ನಾನು ನಿಮ್ಮ ಗಿರಾಕಿ," ಎಂದು ಹೇಳಿಯೂ ಬಂದ.

ಉಳಿದದ್ದು ಕಲ್ಲುಗಳ ಓದು.

ಕೇಂದ್ರದಲ್ಲಿ ಓದಿಗೆ ಒಂದು ಕಟ್ಟುನಿಟ್ಟಾದ ಕ್ರಮವಿದೆ. ಪ್ರತಿ ಕಲ್ಲನ್ನೂ ಇಬ್ಬರು ಬೇರೆ ಬೇರೆ ಕೂತು ಓದಬೇಕು. ಇಬ್ಬರಿಗೂ ಮೀನಿನ ಉದ್ದ, ತೂಕ, ಸಿಕ್ಕಿದ ಜಾಗ ಗೊತ್ತಿರಬಾರದು. ಅದಕ್ಕಾಗಿ, ಓದಿನಲ್ಲಿ ಪಾಲಿಲ್ಲದ ಗುಮಾಸ್ತೆ ಕಲ್ಲುಗಳಿರುವ ಲಕೋಟೆಗಳನ್ನು ಕಲಸಿ ಹೊಸ ಸಂಖ್ಯೆ ಹಾಕುತ್ತಾಳೆ. ಕೊಯ್ದು ಗಾಜಿನ ಮೇಲೆ ಕೂರಿಸಿದ ಕಲ್ಲು ಮಸೂರದ ಕೆಳಗೆ ಸಣ್ಣ ಮೀನಿನದೋ ದೊಡ್ಡ ಮೀನಿನದೋ ಹೇಳುವುದು ಕಷ್ಟ. ಇಷ್ಟೆಲ್ಲ ಯಾಕೆಂದರೆ, ಮೀನು ಚಿಕ್ಕದು ಎಂದು ಗೊತ್ತಾದ ಕ್ಷಣ ಕಣ್ಣು ಕಡಿಮೆ ಬಳೆಗಳನ್ನೇ ಕಾಣತೊಡಗುತ್ತದೆ. ಎಷ್ಟು ಪ್ರಾಮಾಣಿಕನಾದರೂ ಅಷ್ಟೇ. ಆಕೆ ಕೆಲಸಕ್ಕೆ ಸೇರಿದ ಮೊದಲ ವಾರ ಇದನ್ನು ಕಲಿಸಿದವರು ಕೇಂದ್ರದ ಮುಖ್ಯಸ್ಥರು. ಇಂದಿಗೂ ಮೊದಲನೆಯ ಓದು ಅವರದು, ಎರಡನೆಯದು ಆಕೆಯದು.

ಬುಟ್ಟಿಯಲ್ಲಿ ಸಣ್ಣ ಮೀನುಗಳಿದ್ದವು ಎಂಬುದು ಆಕೆಗೂ ಗೊತ್ತಿತ್ತು. ಯಾವ ಗಾಜಿನಲ್ಲಿ ಯಾವ ಮೀನು ಎಂಬುದು ಮಾತ್ರ ಗೊತ್ತಿರಲಿಲ್ಲ. ಪ್ರತಿ ಗಾಜು ಇಡುವಾಗಲೂ ಎರಡೋ ಮೂರೋ ಬಳೆಯ ಕಲ್ಲು ಈಗ ಸಿಗುತ್ತದೆ, ಈಗ ಸಿಗುತ್ತದೆ ಎಂದು ಕಾದಳು. ಒಂಬತ್ತು, ಹನ್ನೊಂದು, ಎಂಟು ಬಂತು. ಅಂಚಿನಲ್ಲಿ ಬಳೆಗಳು ಒಂದಕ್ಕೊಂದು ಅಂಟಿಕೊಂಡಂತೆ ಒತ್ತೊತ್ತಾಗಿದ್ದವು. ಪೆಟ್ಟಿಗೆ ಮುಗಿಯಿತು. ಒಂದೇ ಒಂದು ಎಳೆಯ ಕಲ್ಲು ಸಿಗಲಿಲ್ಲ. ಗೇಣುದ್ದದವು ಮರಿಗಳಲ್ಲ, ಬೆಳವಣಿಗೆ ಕುಂಠಿತವಾದ ಮುದಿ ಮೀನುಗಳು. ಆಕೆ ಪೆಟ್ಟಿಗೆಯನ್ನು ಮೊದಲಿಂದ ಮತ್ತೆ ಓದಿದಳು. ಉತ್ತರ ಬದಲಾಗಲಿಲ್ಲ.

ಮಾರನೆಯ ದಿನ ಇಬ್ಬರೂ ಜೊತೆಯಾಗಿ ಕೂತರು. ಓದುಗಳು ಹೊಂದದಿದ್ದಾಗ ಇಬ್ಬರು ನೋಡಬಲ್ಲ ಮಸೂರದ ಮುಂದೆ ಹೀಗೆ ಕೂರುವುದು ರೂಢಿ. ಮುಖ್ಯಸ್ಥರ ಓದಿನಲ್ಲಿ ಎರಡು, ಮೂರು ಎಂದಿದ್ದ ಕಡೆಯೆಲ್ಲ ಆಕೆಯದರಲ್ಲಿ ಎಂಟು, ಹತ್ತು.

"ಏನಮ್ಮ ಇದು? ಕನ್ನಡಕ ಬದಲಾಯಿಸಬೇಕು ಅಂತ ಕಾಣುತ್ತೆ."

"ಹೋದ ತಿಂಗಳು ಬದಲಾಯಿಸಿದೆ ಸರ್."

"ಹಾಗಾದರೆ ವಾಪಸ್ ಕೊಟ್ಟುಬಿಡು." ಅವರು ನಕ್ಕು ಗಾಜನ್ನು ಸರಿಸಿದರು. "ಅಂಚಲ್ಲಿರೋದು ಸುಳ್ಳು ಬಳೆಗಳು. ನೀರಲ್ಲಿ ಏನೋ ಏರುಪೇರಾಗಿದೆ, ಮೀನು ಒದ್ದಾಡಿದೆ, ಗೆರೆ ಬಿದ್ದಿದೆ. ವರ್ಷದ್ದಲ್ಲ."

"ಸುಳ್ಳು ಬಳೆ ಅರ್ಧಕ್ಕೆ ನಿಲ್ಲುತ್ತೆ ಸರ್, ಪೂರ್ತಿ ಸುತ್ತೋದಿಲ್ಲ. ಇವು ಸುತ್ತಿ ಬಂದಿವೆ, ನೋಡಿ."

"ಕೆಲವು ಸಲ ಸುತ್ತುತ್ತೆ."

"ಕೆಲವು ಸಲ. ಎಲ್ಲಾ ಕಲ್ಲಲ್ಲೂ ಅಲ್ಲ."

ಮುಖ್ಯಸ್ಥರಿಗೆ ತಾಳ್ಮೆ ತಪ್ಪಿತು. "ಸ್ವಲ್ಪ ಯೋಚನೆ ಮಾಡು. ಇಷ್ಟು ಚಿಕ್ಕ ಮೀನಿಗೆ ಹತ್ತು ವರ್ಷ ಅಂದರೆ ಯಾರು ನಂಬುತ್ತಾರೆ?"

ಆಕೆ ಮಸೂರದಿಂದ ಕಣ್ಣು ತೆಗೆದಳು.

"ಇದು ಚಿಕ್ಕ ಮೀನು ಅಂತ ನಿಮಗೆ ಹೇಗೆ ಗೊತ್ತು ಸರ್?" ಎಂದು ಕಲ್ಲಕ್ಕ ಕೇಳಿದಳು.

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಹೇಳಿದರು. ಸಮೀಕ್ಷೆಯ ದಿನ ದಡದಲ್ಲಿ ಜನ ಕಡಿಮೆಯಿದ್ದರು, ಮೀನು ಅಳೆಯುವ ಹಲಗೆಯನ್ನು ಅವರೇ ಹಿಡಿದಿದ್ದರು. ಗುಮಾಸ್ತೆ ರಜೆಯಲ್ಲಿದ್ದಳು. ವರದಿಗೆ ತಡವಾಗುತ್ತದೆಂದು ಲಕೋಟೆಗಳಿಗೆ ಹೊಸ ಸಂಖ್ಯೆಯನ್ನೂ ಅವರೇ ಹಾಕಿದ್ದರು. "ಕಲಸಿಯೇ ಹಾಕಿದೆ. ಆದರೆ ಸಣ್ಣ ಮೀನಿನ ಲಕೋಟೆಗಳು ಯಾವುವು ಅಂತ ತಲೆಯಲ್ಲಿ ಉಳಿದುಬಿಡುತ್ತೆ, ಏನು ಮಾಡಲಿ? ಅದರಿಂದ ನನ್ನ ಓದು ಬದಲಾಗಿಲ್ಲ."

"ಬದಲಾಗಿದೆಯೋ ಇಲ್ಲವೋ ಅದು ಓದಿದವರಿಗೇ ಗೊತ್ತಾಗಲ್ಲ ಅಂತ ನೀವೇ ಹೇಳಿಕೊಟ್ಟಿದ್ದು."

"ಈಗ ನನಗೇ ಪಾಠ ಹೇಳ್ತೀಯಾ?"

"ನಿಮ್ಮ ಪಾಠಾನೇ ಸರ್. ನನ್ನ ಹತ್ರ ಬೇರೆ ಇಲ್ಲ."

ಒಮ್ಮತ ಬಾರದಿದ್ದರೆ ಹಿರಿಯರ ಓದನ್ನೇ ಒಪ್ಪಬೇಕು ಎಂಬುದು ಕೇಂದ್ರದ ರೂಢಿ. ಆದರೆ ಜೊತೆಯಾಗಿ ನೋಡಿದ್ದೇವೆ ಎಂದು ಇಬ್ಬರೂ ಸಹಿ ಹಾಕಬೇಕು. ಮುಖ್ಯಸ್ಥರು ಹಾಕಿ ಪೆನ್ನನ್ನು ಆಕೆಯ ಕಡೆ ತಿರುಗಿಸಿದರು. ಆಕೆ ಪೆನ್ನು ಮುಟ್ಟಲಿಲ್ಲ. ಉದ್ದ ತಿಳಿದು ಓದಿದ್ದು ಓದೇ ಅಲ್ಲ, ಈ ಪೆಟ್ಟಿಗೆಗೆ ಇನ್ನೂ ಮೊದಲನೆಯ ಓದು ಆಗಿಲ್ಲ, ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿ ಏನೂ ತಿಳಿಯದವರ ಕೈಯಲ್ಲಿ ಓದಿಸಿ ಎಂದಳು.

"ಸಮಿತಿ ಸಭೆ ಮುಂದಿನ ವಾರ ಇದೆ. ಊರೆಲ್ಲಾ ಕಾಯ್ತಾ ಇದೆ. ನಿನ್ನ ತಮ್ಮನೂ ಕಾಯ್ತಿದ್ದಾನೆ, ಅದಾದರೂ ನೆನಪಿದೆಯಾ?"

"ನೆನಪಿದೆ. ಸಹಿ ಹಾಕಲ್ಲ."

"ನಿನ್ನನ್ನ ಓದಿನಿಂದಲೇ ತೆಗೆದು ಹಾಕಬಹುದು ನಾನು."

"ತೆಗೆಯಿರಿ. ಯಾಕೆ ತೆಗೆದಿರಿ ಅಂತ ಸಮಿತಿ ಕೇಳುತ್ತೆ, ನಾನು ಹೇಳ್ತೀನಿ."

ಅವರು ಎದ್ದು ಹೋದರು. ಬಾಗಿಲು ಜೋರಾಗಿಯೇ ಮುಚ್ಚಿಕೊಂಡಿತು. ಆಕೆ ಗಾಜುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಸೇರಿಸಿ ಮುಚ್ಚಳ ಹಾಕಿದಳು. ಸೇರಿಸುವಾಗ ಒಂದು ಗಾಜು ಜಾರಿ ಅಂಚು ಮುಕ್ಕಾಯಿತು. ತನಗೆ ತಾನೇ ಒಂದು ಬೈಗುಳ ಬೈದುಕೊಂಡಳು.

ಊರು ದೊಡ್ಡದಲ್ಲ. ಆಕೆ ಸಂಜೆ ಮನೆ ಸೇರುವ ಮೊದಲೇ ಮಾತು ಮನೆ ಸೇರಿತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಾತ್ರೆಗಳಿಗೆ ಹೇಳುವಂತೆ ಹೇಳುತ್ತಿದ್ದಳು: "ಒಂದು ಸಹಿ. ಬರೀ ಒಂದು ಸಹಿ. ನಾನು ಹೆತ್ತಿದ್ದು ಹೆಣ್ಣನ್ನೋ ಬಂಡೇನೋ."

ತಮ್ಮ ಅಂಗಳದಲ್ಲಿ ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ.

"ನಾನು ಕಣ್ಣಾರೆ ನೋಡಿದೆ ಅಕ್ಕ. ಇಷ್ಟಿಷ್ಟುದ್ದ ಮರಿಗಳು."

"ಮರಿಯಲ್ಲ ಕಣೋ. ನಿನ್ನ ಹಾಗೇ, ವಯಸ್ಸಾಗಿದೆ, ಬೆಳೆದಿಲ್ಲ."

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. "ತಮಾಷೆ ಮಾಡಬೇಡ. ನಿನ್ನ ಕೈಯಲ್ಲಿದ್ದಾಗ ಯಾಕೆ ಮಾಡಲ್ಲ ಅಂತ ಹೇಳು."

ಆಕೆ ಅವನೆದುರು ಜಗಲಿಯ ಮೇಲೆ ಕೂತಳು. ಬಲೆಯ ಇನ್ನೊಂದು ತುದಿಯನ್ನು ಮಡಿಲಿಗೆ ಎಳೆದುಕೊಂಡಳು. "ಮರಿ ಆಗಿದ್ದರೆ ಮೊದಲು ಹೇಳ್ತಿದ್ದವಳು ನಾನು. ಎರಡು ಬಳೆಯ ಕಲ್ಲು ಸಿಗಲಿ ಅಂತ ಎಷ್ಟು ಹುಡುಕಿದೆ ಗೊತ್ತಾ? ಹೊಳೆ ಬಂದು ಸೇರೋ ಕಡೆ ಬೆಣಚುಕಲ್ಲಿನ ಮೇಲೆಲ್ಲಾ ಕೆಸರು ಕೂತಿದೆ, ಇಟ್ಟ ಮೊಟ್ಟೆ ಕೊಳೆತು ಹೋಗ್ತಿರಬೇಕು. ಈಗಿರೋವು ಉಳಿದಿರೋ ಮುದಿ ಮೀನು. ಅವನ್ನೂ ನೀವು ಎಳೆದುಕೊಂಡರೆ ಮುಂದೆ ಮೊಟ್ಟೆ ಇಡೋಕೂ ಯಾರೂ ಇರಲ್ಲ. ಒಂದು ವರ್ಷ ಬಲೆ ತುಂಬುತ್ತೆ, ಹೌದು. ಆಮೇಲೆ?"

"ಆಮೇಲಿಂದು ಆಮೇಲೆ."

"ಹಾಗಂತ ಅಪ್ಪನ ಕಾಲದವರೂ ಅಂದರು."

"ನೀನು ತಪ್ಪು ಓದಿರಬಹುದಲ್ಲ?"

"ಇರಬಹುದು. ಅದಕ್ಕೇ ಮೂರನೆಯವರು ಓದಲಿ ಅಂದಿದ್ದು. ನಾನು ತಪ್ಪು ಅಂತ ಅವರು ಹೇಳಿದರೆ ದಡಕ್ಕೆ ನಾನೇ ಬಲೆ ಹೊತ್ಕೊಂಡು ಬರ್ತೀನಿ. ಆದರೆ ನಿನಗೋಸ್ಕರ ಅಂತ ಹತ್ತನ್ನ ಎರಡು ಅಂತ ಬರೆಯಲ್ಲ. ಅಮ್ಮ ಹೇಳಿದರೂ ಬರೆಯಲ್ಲ. ನೀನು ಮಾತು ಬಿಟ್ಟರೂ ಬರೆಯಲ್ಲ."

ತಮ್ಮ ಬಲೆಯ ತುದಿಯನ್ನು ಆಕೆಯ ಮಡಿಲಿಂದ ಎಳೆದುಕೊಂಡು ಒಳಗೆ ಹೋದ. ನಿಜವಾಗಿಯೇ ಮಾತು ಬಿಟ್ಟ.

ದಡದ ಅಂಗಡಿಗಳಲ್ಲಿ ಜನ ಆಕೆಯನ್ನು ಕಂಡು ಮಾತು ನಿಲ್ಲಿಸತೊಡಗಿದರು. ಒಬ್ಬ ದೋಣಿಯವನು ಕೇಳಿಸುವಂತೆಯೇ, "ಕಲ್ಲು ನೋಡಿ ನೋಡಿ ಎದೆಯೂ ಕಲ್ಲಾಗಿದೆ," ಎಂದ. ಆಕೆ ನಿಂತು, "ಎದೆ ಕೊಯ್ದು ಓದಿ ಹೇಳು, ಎಷ್ಟು ವರ್ಷ ಆಯ್ತು ಅಂತ," ಎಂದಳು. ಅವನು ದೋಣಿಯ ಕಡೆ ತಿರುಗಿಕೊಂಡ.

ಅತ್ತ ಮುಖ್ಯಸ್ಥರೂ ಸುಮ್ಮನೆ ಕೂತಿರಲಿಲ್ಲ. ಸಹಿಯಿಲ್ಲದ ವರದಿಯನ್ನು ಸಮಿತಿಗೆ ಒಪ್ಪಿಸಲು ಒಂದೆರಡು ದಾರಿ ಹುಡುಕಿದರು. ಆಕೆಯನ್ನು ಉಜ್ಜುವ ಕೆಲಸಕ್ಕೆ ಮಾತ್ರ ಇಟ್ಟುಕೊಂಡು, ಹೊಸದಾಗಿ ಸೇರಿದ ಸಂಶೋಧಕಿಯನ್ನು ಎರಡನೆಯ ಓದಿಗೆ ಕರೆದರು. ಹೊಸಬಳಿಗೆ ವಿಷಯವೆಲ್ಲ ತಿಳಿದಿತ್ತು. "ಉದ್ದ ಗೊತ್ತಾಗಿಹೋಗಿದೆ ಸರ್, ಇಡೀ ಕೇಂದ್ರಕ್ಕೇ ಗೊತ್ತಾಗಿದೆ. ಈಗ ಇಲ್ಲಿ ಯಾರು ಓದಿದರೂ ಲೆಕ್ಕಕ್ಕೆ ಬರಲ್ಲ," ಎಂದು ಅವಳು ಕೈ ಚೆಲ್ಲಿದಳು. ಅಂದು ಮಧ್ಯಾಹ್ನ ಮುಖ್ಯಸ್ಥರು ಕಲ್ಲಕ್ಕನ ಮೇಜಿನ ಬಳಿ ಬಂದು ಪೆಟ್ಟಿಗೆ ಕೇಳಿದರು. ಆಕೆ ಕೊಡಲಿಲ್ಲ.

"ಬೇರೆ ಊರಿಗೆ ಕಳಿಸೋಕೆ ಕೇಳ್ತಿದ್ದೀನಿ ಕಣಮ್ಮ," ಎಂದರು.

"ಗುಮಾಸ್ತೆ ಸಂಖ್ಯೆ ಹಾಕಲಿ. ಆಮೇಲೆ ಕೊಡ್ತೀನಿ."

ಗುಮಾಸ್ತೆ ಗಾಜುಗಳ ಹಳೆಯ ಚೀಟಿ ಕಿತ್ತು ಹೊಸದು ಅಂಟಿಸುವವರೆಗೂ ಇಬ್ಬರೂ ಬಾಗಿಲಾಚೆ ನಿಂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ.

ಸಭೆ ಮುಂದಕ್ಕೆ ಹೋಯಿತು. ಮೂರನೆಯ ಓದು ಬರುವ ಹೊತ್ತಿಗೆ ಊರಿನ ಸಿಟ್ಟು ಹಳೆಯದಾಗಿತ್ತು, ಆರಿರಲಿಲ್ಲ. ಒಂದೆರಡು ಕಲ್ಲುಗಳಲ್ಲಿ ಆಕೆ ಒಂದು ಬಳೆ ಹೆಚ್ಚು ಎಣಿಸಿದ್ದಳು. ಉಳಿದವು ಆಕೆ ಓದಿದಂತೆಯೇ ಇದ್ದವು. ಎಳೆಯ ಕಲ್ಲು ಅಲ್ಲಿಯೂ ಯಾರ ಕಣ್ಣಿಗೂ ಬೀಳಲಿಲ್ಲ. ಸಮಿತಿಯ ಮುಂದೆ ಮುಖ್ಯಸ್ಥರು ಸಂಖ್ಯೆ ಹಾಕಿದ್ದು ತಾವೇ ಎಂದು ತಾವಾಗಿಯೇ ಹೇಳಿದರು. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಆಕೆಯ ಹತ್ತಿರ ನಿಂತು, "ಸಮಾಧಾನವಾಯ್ತಾ?" ಎಂದು ಕೇಳಿದರು.

"ಇಲ್ಲ ಸರ್. ಮುಂದಿನ ಸಮೀಕ್ಷೆಯಲ್ಲಿ ನೀವು ಹಲಗೆ ಮುಟ್ಟಬಾರದು."

"ಮುಟ್ಟಲ್ಲ ಮಾರಾಯ್ತಿ," ಎಂದು ಅವರು ಹೇಳಿ ಮುಂದೆ ನಡೆದರು.

ಸರೋವರ ಇನ್ನೊಂದು ವರ್ಷ ಮುಚ್ಚಿರುತ್ತದೆ. ಹೊಳೆ ಸೇರುವ ಕಡೆಯ ಕೆಸರು ತೆಗೆಯಲು ಮುಂದಿನ ತಿಂಗಳು ಕೆಲಸ ಆರಂಭವಾಗಲಿದೆ. ತಮ್ಮ ಅಕ್ಕನೊಡನೆ ಮತ್ತೆ ಮಾತಾಡತೊಡಗಿದ್ದಾನೆ, ಬೇಕಾದಷ್ಟು ಮಾತ್ರ. ಐಸ್ ಕಾರ್ಖಾನೆಗೆ ಹಿಂತಿರುಗಲು ಮನಸ್ಸಿಲ್ಲದೆ, ಸಮುದ್ರದ ದಡದ ಊರಿನಲ್ಲಿ ದೊಡ್ಡ ದೋಣಿಯೊಂದರ ಕೆಲಸ ಒಪ್ಪಿಕೊಂಡಿದ್ದಾನೆ. ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತಾನೆ.