ಕೊನೆಯ ಪುಟದಿಂದ ಓದುವ ಅಕ್ಕ

ಬೆಳಗಿನ ಆರು ಗಂಟೆ. ನ್ಯಾಯಾಲಯದ ಎದುರಿನ ಬೀದಿ, ಎರಡನೇ ಮಹಡಿ, ಕಿಟಕಿಗೆ ಬೆನ್ನು ಮಾಡಿದ ಒಂದು ಮೇಜು. ಕಂಪ್ಯೂಟರಿನ ಮುಂದೆ ಕೂತ ಹೆಂಗಸು ಪರದೆಯನ್ನು ದಿಟ್ಟಿಸುವುದು ನೋಡಿದರೆ, ಅದು ಯಾವಾಗ ಬೇಕಾದರೂ ಕೈಕೊಡುತ್ತದೆ ಎಂದುಕೊಂಡಂತಿದೆ. ನನ್ನನ್ನೂ ಹಾಗೇ ನೋಡುತ್ತಾರೆ. ನಾನು ನಿಜವಾಗಿ ಪತ್ರಿಕೆಯವನೇ ಎಂದು ನಿನ್ನೆಯೇ ಕಚೇರಿಗೆ ಫೋನ್ ಮಾಡಿ ವಿಚಾರಿಸಿದ್ದಾರಂತೆ. ಆದರೂ ಗುರುತಿನ ಚೀಟಿ ನೋಡಿದ ಮೇಲೆಯೇ ಕುರ್ಚಿ ತೋರಿಸುವುದು.

ವಕೀಲರಿಗೆ ಬೇಕಾದ ಹಳೆಯ ತೀರ್ಪು, ಕಾನೂನಿನ ಸುದ್ದಿ ಎಲ್ಲವನ್ನೂ ಅಂತರಜಾಲದಲ್ಲಿ ಹುಡುಕಿಕೊಡುವುದು ಇವರ ಕೆಲಸ. ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ನಲವತ್ತು ತೀರ್ಪು ತೆರೆದರೆ ವಕೀಲರ ಕೈಗೆ ಹೋಗುವುದು ಆರೋ ಏಳೋ. ಬೀದಿಯವರು ಇಟ್ಟ ಹೆಸರು ‘ಅನುಮಾನದಕ್ಕ’. ತೀರ್ಪನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುವುದು ಇವರ ಪದ್ಧತಿ.

“ಮೊದಲಿನ ಪುಟಗಳಲ್ಲಿ ಎರಡೂ ಕಡೆಯವರ ಮಾತಿರತ್ತೆ. ಸೋತವನ ವಾದವನ್ನೇ ತೀರ್ಪು ಅಂದ್ಕೊಂಡು ಬರ್ಕೊಂಡು ಹೋದೋರಿದಾರೆ,” ಎನ್ನುತ್ತಾರೆ.

ಇವತ್ತಿನ ಕೆಲಸ ಒಬ್ಬ ಆಯಾಳದು. ಹದಿನಾಲ್ಕು ವರ್ಷ ಆಸ್ಪತ್ರೆಯ ನೆಲ ಒರೆಸಿದವಳನ್ನು ನೋಟಿಸೂ ಕೊಡದೆ ತೆಗೆದುಹಾಕಿದ್ದಾರೆ. ಹನ್ನೊಂದಕ್ಕೆ ವಿಚಾರಣೆ, ಇವತ್ತು ಗೆದ್ದರೆ ಕೆಲಸ, ಇಲ್ಲದಿದ್ದರೆ ಮನೆ. ಅವಳ ವಕೀಲರು ಒಂದು ತೀರ್ಪಿನ ಸಂಖ್ಯೆ, ಕೆಲವು ಸಾಲುಗಳನ್ನು ಕಳಿಸಿ ಪೂರ್ತಿ ಪ್ರತಿ ಕೇಳಿದ್ದಾರೆ. ಓದಿ ನನಗೇ ಖುಷಿಯಾಗುತ್ತದೆ. ಆ ತೀರ್ಪಿನಲ್ಲೂ ಆಸ್ಪತ್ರೆಯೇ, ಅಲ್ಲೂ ಹದಿನಾಲ್ಕೇ ವರ್ಷ. ಅಕ್ಕ ಮಾತ್ರ ಹುಬ್ಬು ಗಂಟಿಕ್ಕುತ್ತಾರೆ.

“ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ನಿಜವಾದ ತೀರ್ಪು ಎಲ್ಲಾದ್ರೂ ಒಂದ್ಕಡೆ ಬಿಗಿಯಾಗತ್ತೆ.”

ನ್ಯಾಯಾಲಯದ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ತೆರೆದುಕೊಳ್ಳುವುದು ಯಾವುದೋ ಬಸ್ಸಿನ ಪರವಾನಗಿಯ ಜಗಳ. ಇಸವಿ ಬದಲಿಸಿ ನೋಡುತ್ತಾರೆ, ನ್ಯಾಯಾಧೀಶರ ಹೆಸರು ಹಾಕಿ ನೋಡುತ್ತಾರೆ. ಊಹೂಂ. ವಕೀಲರಿಗೆ ಫೋನ್ ಹೋಗುತ್ತದೆ. ಎಲ್ಲಿ ಸಿಕ್ಕಿತೆಂದು ನಾಲ್ಕು ಸಲ ಕೇಳಿದ ಮೇಲೆ, ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಎಐ ಯಂತ್ರದಿಂದ ಪಡೆದದ್ದೆಂದು ಅವರು ಒಪ್ಪಿಕೊಳ್ಳುತ್ತಾರೆ. ಅಂಥ ತೀರ್ಪನ್ನು ಯಾರೂ ಕೊಟ್ಟೇ ಇಲ್ಲ. ಯಂತ್ರವೇ ಕಟ್ಟಿದ್ದು ಅದು.

ಅಕ್ಕ ಬೈಯುವುದಿಲ್ಲ. ಹನ್ನೆರಡು ವರ್ಷದ ಹಿಂದೆ, ಮುದ್ರಣಾಲಯದ ಕೆಲಸ ಕಳೆದುಕೊಂಡ ಸ್ವಂತ ಚಿಕ್ಕಪ್ಪನ ಮೊಕದ್ದಮೆಗೆ ಸುದ್ದಿಯ ತಲೆಬರಹ ನಂಬಿ ಒಂದು ತೀರ್ಪು ಹುಡುಕಿಕೊಟ್ಟವರು ಇವರೇ. ಮೂರು ವಾರ ಮೊದಲೇ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತ್ತು. ಎದುರು ವಕೀಲರು ಎದ್ದು ನಿಂತು ಆ ಆದೇಶವನ್ನೇ ಓದಿದರು. ಚಿಕ್ಕಪ್ಪ ಸೋತರು.

“ಚಿಕ್ಕಪ್ಪ ‘ನೀನಾದ್ರೂ ಓಡಾಡಿದ್ಯಲ್ಲಮ್ಮ’ ಅಂದ್ರು. ಬೈದಿದ್ರೆ ಚೆನ್ನಾಗಿತ್ತು.”

ಒಂಬತ್ತೂವರೆಗೆ ನಿಜವಾದದ್ದೊಂದು ಸಿಗುತ್ತದೆ. ನೋಟಿಸಿಲ್ಲದೆ ಕೆಲಸ ಕಳೆದುಕೊಂಡ ಶಾಲೆಯ ಕಾವಲುಗಾರನದು. ಆಮೇಲೆ ಯಾರಾದರೂ ರದ್ದು ಮಾಡಿದ್ದಾರೆಯೇ ಎಂದು ಮೂರು ಕಡೆ ಹುಡುಕುತ್ತಾರೆ. ಆಯಾಳಿಗೆ ವಿರುದ್ಧವಾಗುವ ಎರಡು ಸಾಲೂ ಅದರಲ್ಲಿವೆ, ಅವಕ್ಕೂ ಕೆಂಪು ಗೆರೆ ಎಳೆದು, ಪ್ರತಿಯನ್ನು ತಾವೇ ರಸ್ತೆ ದಾಟಿ ವಕೀಲರಿಗೆ ಕೊಟ್ಟು ಬರುತ್ತಾರೆ.

ಮಧ್ಯಾಹ್ನ ಒಂದಕ್ಕೆ ವಕೀಲರ ಫೋನ್, ಗೆದ್ದೆವೆಂದು. ನಾನು ಕುರ್ಚಿಯಿಂದ ಎದ್ದೇಬಿಡುತ್ತೇನೆ. ಅಕ್ಕ ಆದೇಶದ ಪ್ರತಿ ಬರಲಿ ಎಂದಷ್ಟೇ ಹೇಳಿ ಬುತ್ತಿ ಬಿಚ್ಚುತ್ತಾರೆ. ನಾಲ್ಕು ಗಂಟೆಗೆ ಪ್ರತಿ ಜಾಲತಾಣಕ್ಕೆ ಬರುತ್ತದೆ. ಕೊನೆಯ ಪುಟ ತೆರೆಯುತ್ತಾರೆ. ಆಯಾಳನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದಿದೆ. ಎರಡು ಸಲ ಓದುತ್ತಾರೆ. ಕಾವಲುಗಾರನ ತೀರ್ಪಿನ ಪ್ರಸ್ತಾಪವಿದೆ, ವಕೀಲರ ಹೆಸರಿದೆ. ಹುಡುಕಿಕೊಟ್ಟವರ ಹೆಸರು ಇರುವುದಿಲ್ಲ, ಅದನ್ನು ಅಕ್ಕ ಹುಡುಕುವುದೂ ಇಲ್ಲ.

ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅಕ್ಕ ಆದೇಶದ ಒಂದು ಪ್ರತಿ ಪ್ರಿಂಟ್ ತೆಗೆದು ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ.

“ಚಿಕ್ಕಪ್ಪಂಗೆ ಈಗ ಕಣ್ಣು ಮಂಜು. ಸಂಜೆ ಹೋಗಿ ಓದಿ ಹೇಳ್ತೀನಿ. ಇದನ್ನ ಮಾತ್ರ ಮೊದಲನೇ ಪುಟದಿಂದ.”